ಮಾವನಹಳ್ಳದ ಮುದಿ ಕುದುರೆಗಳು

ತೆಪ್ಪಕಾಡಿನ ಸೇತುವೆ ಹತ್ತಿರವಾಯಿತೆಂದರೆ ಊಟಿಗೆ ಹೊರಟ ಕಾರುಗಳಲ್ಲಿ ಎಡಕ್ಕೋ ಬಲಕ್ಕೋ ಎಂಬ ಚರ್ಚೆ ಶುರುವಾಗುತ್ತದೆ. ಬಲಕ್ಕೆ ಗೂಡಲೂರಿನ ಸುತ್ತು ದಾರಿ. ಎಡಕ್ಕೆ ಮೋಯಾರ್ ಹೊಳೆ ದಾಟಿದರೆ ಮಸಿನಗುಡಿ, ಅಲ್ಲಿಂದ ಮುಂದೆ 36 ಹೇರ್‌ಪಿನ್ ತಿರುವುಗಳ ಕಲ್ಲಹಟ್ಟಿ ಘಾಟಿ. ನಾನು ಎಡಕ್ಕೆ ತಿರುಗಿದೆ, ಆದರೆ ಊಟಿ ಮುಟ್ಟುವ ಇರಾದೆ ಇರಲಿಲ್ಲ. ಘಾಟಿಯ ಬುಡದ ಮಾವನಹಳ್ಳದಲ್ಲಿ, ಊಟಿಯಲ್ಲಿ ದುಡಿದು ಸವೆದು ಕೆಳಗಿಳಿದವರನ್ನು ನೋಡಬೇಕಿತ್ತು.

ಗುಂಡ್ಲುಪೇಟೆಯ ಚೆಂಡು ಹೂವಿನ ಹೊಲ, ಬಂಡೀಪುರದ ಸಾಲು ಸಾಲು ತೇಗ ಎಲ್ಲ ಕಳೆದ ಮೇಲೆ ಸಿಗುವ ಈ ಸೀಗೂರು ಪ್ರಸ್ಥಭೂಮಿ ಮಳೆ ನೆರಳಿನ ನಾಡು. ತಲೆ ಎತ್ತಿದರೆ ನೀಲಗಿರಿಯ ಗೋಡೆ, ಅದರ ನೆತ್ತಿಯ ಮೇಲೆ ಮೋಡ. ಕೆಳಗೆ ಮಾತ್ರ ಬಿಸಿಲು, ಮುಳ್ಳು, ಲಂಟಾನದ ಪೊದೆ. ಮಸಿನಗುಡಿಯ ಚಹದಂಗಡಿಯಲ್ಲಿ ತಮಿಳು, ಮಲಯಾಳ, ಬಡಗ ಭಾಷೆ, ನಮ್ಮ ಗುಂಡ್ಲುಪೇಟೆ ಕಡೆಯ ಕನ್ನಡ ಎಲ್ಲ ಒಂದೇ ಬೆಂಚಿನ ಮೇಲೆ ಕೂತಿರುತ್ತವೆ. ಹುಲಿ, ಆನೆ, ರೆಸಾರ್ಟು, ಇವು ಮೂರರ ಬಗ್ಗೆ ಎಲ್ಲರಿಗೂ ಅಭಿಪ್ರಾಯವಿದೆ. ಕುದುರೆ ನೋಡಲು ಬಂದೆ ಎಂದರೆ ಒಮ್ಮೆ ಮುಖ ನೋಡುತ್ತಾರೆ.

ಇಲ್ಲಿ ಇಂಡಿಯಾ ಪ್ರಾಜೆಕ್ಟ್ ಫಾರ್ ಅನಿಮಲ್ಸ್ ಅಂಡ್ ನೇಚರ್ ಎಂಬ ಸಂಸ್ಥೆ ನಡೆಸುವ ಹಿಲ್ ವ್ಯೂ ಫಾರ್ಮ್ ಇದೆ. ನೈಜೆಲ್ ಓಟರ್ ಮತ್ತು ಫಿನ್ಲೆಂಡಿನಿಂದ ಬಂದ ಪಶುವೈದ್ಯೆ ಇಲೋನಾ ಓಟರ್ ಅವರ ದುಡಿಮೆಯಿಂದ ಹೆಸರಾದ ಜಾಗ. ನಾಯಿ, ಕತ್ತೆ, ಎಮ್ಮೆ, ದನ ಎಲ್ಲಕ್ಕೂ ಇಲ್ಲಿ ಆಸರೆ ಸಿಕ್ಕಿದೆ. ಆದರೆ ನನ್ನ ಕಣ್ಣು ಹೋದದ್ದು ಕುದುರೆಗಳ ಕಡೆಗೆ. ಊಟಿಯಲ್ಲಿ ಪ್ರವಾಸಿಗರನ್ನು ಹೊತ್ತು ತಿರುಗಿದ ಸಣ್ಣ ಜಾತಿಯ ಕುದುರೆಗಳು ಒಂದು ಕಡೆ, ರೇಸಿನಲ್ಲಿ ಓಡಿ ಕಾಲು ಕೆಡಿಸಿಕೊಂಡ ಎತ್ತರದ ಥರೋಬ್ರೆಡ್‌ಗಳು ಇನ್ನೊಂದು ಕಡೆ. ಮೊದಲನೆಯವು ಗಿಡ್ಡ, ಗಟ್ಟಿ, ಸ್ವಲ್ಪ ಹಟಮಾರಿ. ಎರಡನೆಯವು ಮುಪ್ಪಿನಲ್ಲೂ ರಾಜಗಾಂಭೀರ್ಯ ಬಿಡುವುದಿಲ್ಲ, ಮೂಳೆ ಎಣಿಸುವಂತಿದ್ದರೂ ಕತ್ತು ಮಾತ್ರ ನೆಟ್ಟಗೆ.

ಲಾಯ ನೋಡಿಕೊಳ್ಳುವ ಹಿರಿಯರೊಬ್ಬರು ಕನ್ನಡದಲ್ಲೇ ಮಾತಾಡಿಸಿದರು. ತಾಯಿಯ ತವರು ಬೇಗೂರಿನ ಹತ್ತಿರವಂತೆ. ಬೆಳಗಿನ ಕೆಲಸ ಕಲಿಸಿಕೊಡಿ ಎಂದು ಕೇಳಿದ್ದಕ್ಕೆ ಅವರು ಬ್ರಷ್ಷನ್ನೂ ಕೊಡಲಿಲ್ಲ, ಮೇವನ್ನೂ ಕೊಡಲಿಲ್ಲ. ಸಲಿಕೆ ಕೊಟ್ಟರು.

“ಮೊದ್ಲು ಲದ್ದಿ ನೋಡ್ಬೇಕಕ್ಕ. ಎಷ್ಟ್ ಗುಪ್ಪೆ ಅದೆ, ಒಣಗದೆಯೋ ಮೆತ್ಗದೆಯೋ, ಒಳ್ಗೆ ಹುಲ್ಲು ಉದ್ದುದ್ದುಕ್ಕೆ ಹಂಗೇ ಬಂದದೆಯೋ. ಆಮೇಲೆ ಮುಖ ನೋಡುದ್ರಾಯ್ತು.”

ಆರೋಗ್ಯವಂತ ಕುದುರೆ ದಿನಕ್ಕೆ ಎಂಟರಿಂದ ಹನ್ನೆರಡು ಸಲ ಲದ್ದಿ ಹಾಕುತ್ತದೆ. ಇಪ್ಪತ್ತೈದು, ಮೂವತ್ತು ಲೀಟರ್ ನೀರು ಕುಡಿಯುತ್ತದೆ. ಇವೆರಡರಲ್ಲಿ ಏನು ಕಡಿಮೆಯಾದರೂ ಹೊಟ್ಟೆಶೂಲೆಯ ಭಯ. ಮನುಷ್ಯರಿಗೆ ಹೊಟ್ಟೆ ಕೆಟ್ಟರೆ ವಾಂತಿಯಾಗಿ ಹಗುರವಾಗುತ್ತದೆ. ಕುದುರೆಗೆ ವಾಂತಿ ಮಾಡಲಾಗುವುದಿಲ್ಲ, ಅನ್ನನಾಳ ಜಠರಕ್ಕೆ ಸೇರುವ ಕಡೆ ಸ್ನಾಯು ಅಷ್ಟು ಬಿಗಿ. ಒಳಗೆ ಹೋದದ್ದು ಹಿಂದಿನಿಂದಲೇ ಬರಬೇಕು. ಅದು ಅಲ್ಲೆಲ್ಲೋ ಸಿಕ್ಕಿಕೊಂಡರೆ, ಕರುಳು ತಿರುಚಿಕೊಂಡರೆ, ಸಂಜೆಯೊಳಗೆ ಪ್ರಾಣ ಹೋಗಬಹುದು. ಊಟಿಯ ಬೀದಿಯಲ್ಲಿ ತರಕಾರಿ ಸಿಪ್ಪೆಯ ಜೊತೆ ಪ್ಲಾಸ್ಟಿಕ್ಕನ್ನೂ ತಿಂದು ಬೆಳೆದ ಕುದುರೆಗಳ ವಿಷಯದಲ್ಲಿ ಈ ಭಯ ಒಂದು ತೂಕ ಹೆಚ್ಚೇ. ಹಿರಿಯರು ಕುದುರೆಯ ಪಕ್ಕೆಗೆ ಕಿವಿ ಹಚ್ಚಿ ಕೇಳುವುದನ್ನು ತೋರಿಸಿದರು. ಒಳಗೆ ಗುಡುಗುಡು ಎನ್ನುತ್ತಿದ್ದರೆ ಕ್ಷೇಮ. ನಿಶ್ಶಬ್ದವಾಗಿದ್ದರೆ ಡಾಕ್ಟರಿಗೆ ಫೋನು.

ಮುದಿ ಕುದುರೆಯ ಕಥೆಯೆಲ್ಲ ಹಲ್ಲಿನಲ್ಲಿದೆ. ಅದರ ದವಡೆ ಹಲ್ಲುಗಳು ಉದ್ದನೆಯವು, ಬಹುಪಾಲು ವಸಡಿನೊಳಗೆ ಅಡಗಿರುತ್ತವೆ. ಹುಲ್ಲು ಅರೆದು ಅರೆದು ಮೇಲಿನ ತುದಿ ಸವೆದಂತೆ ಒಳಗಿನಿಂದ ವರ್ಷಕ್ಕೆ ಎರಡು ಮೂರು ಮಿಲಿಮೀಟರ್ ಹೊರಗೆ ಬರುತ್ತದೆ. ಈ ದಾಸ್ತಾನು ಇಪ್ಪತ್ತೈದು, ಮೂವತ್ತು ವರ್ಷಕ್ಕೆ ಸಾಕಾಗುವಷ್ಟಿರುತ್ತದೆ. ಅದು ಮುಗಿದ ಮೇಲೆ ಕುದುರೆಯ ಮುಂದೆ ಹುಲ್ಲಿನ ರಾಶಿಯಿದ್ದರೂ ಅದು ಉಪವಾಸ. ಬಾಯಿಗೆ ಹಾಕಿಕೊಳ್ಳುತ್ತದೆ, ಅಗಿಯುತ್ತದೆ, ನುಂಗಲಾಗದೆ ಉಂಡೆ ಮಾಡಿ ಉಗುಳುತ್ತದೆ. ಲಾಯದ ನೆಲದಲ್ಲಿ ಅಂಥ ಒದ್ದೆ ಹುಲ್ಲಿನ ಉಂಡೆಗಳು ಬಿದ್ದಿದ್ದವು. ಲದ್ದಿಯ ಚೂರಿರಬೇಕೆಂದು ಗುಡಿಸಲು ಹೋದರೆ, “ಅದ್ನ ಇಲ್ಲೇ ಬುಡಿ, ಡಾಕ್ಟ್ರು ನೋಡ್ಬೇಕು” ಎಂದರು.

ಒಂದು ಕೆಂದ ಕುದುರೆ ಹೀಗೆಯೇ ಉಂಡೆ ಉಗುಳುತ್ತಿತ್ತು. ರೇಸಿನಿಂದ ಬಂದದ್ದು, ಮುಂಗಾಲಿನ ಹಿಂಭಾಗದ ಸ್ನಾಯುರಜ್ಜು ಬಿಲ್ಲಿನಂತೆ ಬಾಗಿ ಊದಿಕೊಂಡೇ ಗಟ್ಟಿಯಾಗಿತ್ತು. ಎಲ್ಲರೂ ಅದನ್ನು ಅಜ್ಜ ಎನ್ನುತ್ತಿದ್ದರು. ಅಜ್ಜನಿಗೆ ಬೇರೆಯೇ ಅಡುಗೆ. ಬೂಸಾ, ಬೇಯಿಸಿದ ಹುರುಳಿ, ನೀರಿನಲ್ಲಿ ನೆನೆಸಿ ಮೆತ್ತಗಾದ ಸಣ್ಣ ಕತ್ತರಿಕೆಯ ಹುಲ್ಲು, ಮೇಲೆ ಒಂದಿಷ್ಟು ಎಣ್ಣೆ, ಉಪ್ಪು. ಕಲಸಿದರೆ ಗಂಜಿಗಿಂತ ಗಟ್ಟಿ, ಮುದ್ದೆಗಿಂತ ತೆಳು. ಒಂದೇ ಸಲಕ್ಕೆ ಹೊಟ್ಟೆತುಂಬ ಕೊಡುವಂತಿಲ್ಲ. ಕುದುರೆಯ ಜಠರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು, ದಿನವಿಡೀ ಸ್ವಲ್ಪ ಸ್ವಲ್ಪ ಮೇಯುವುದಕ್ಕೆ ಆದದ್ದು. ಹಾಗಾಗಿ ನಸುಕಿನಲ್ಲಿ ಒಂದು, ಬಿಸಿಲೇರಿದ ಮೇಲೊಂದು, ಮಧ್ಯಾಹ್ನ, ಸಂಜೆ, ಮಲಗುವ ಮುಂಚೆ. ಅಜ್ಜ ತಿನ್ನುವುದು ನಿಧಾನ. ಪಕ್ಕದ ಗಟ್ಟಿ ಹಲ್ಲಿನ ಕುದುರೆ ಬಂದು ಕಸಿಯದಂತೆ ಯಾರಾದರೂ ಬಕೆಟ್ ಹಿಡಿದು ನಿಲ್ಲಬೇಕು. ಮುಕ್ಕಾಲು ಗಂಟೆ ಸುಮ್ಮನೆ ನಿಲ್ಲುವುದು ನನ್ನ ಪಾಲಿಗೆ ಬಂತು. ಫೋನು ನೋಡುತ್ತ ನಿಲ್ಲಬಹುದು ಅಂದುಕೊಳ್ಳಬೇಡಿ. ಗಮನ ಅತ್ತ ಇತ್ತ ಹೋದರೆ ಅಜ್ಜ ತಿನ್ನುವುದು ನಿಲ್ಲಿಸಿ ನಿಮ್ಮನ್ನೇ ನೋಡುತ್ತಾನೆ.

ಕುದುರೆಯ ವಯಸ್ಸನ್ನೂ ಹಲ್ಲೇ ಹೇಳುತ್ತದೆ. ಮೇಲಿನ ಮೂಲೆಯ ಮುಂಬಲ್ಲಿನ ಮೇಲೆ ಹತ್ತನೇ ವಯಸ್ಸಿನ ಸುಮಾರಿಗೆ ವಸಡಿನ ಬಳಿ ಒಂದು ಕಂದು ಗೆರೆ ಕಾಣಿಸಿಕೊಳ್ಳುತ್ತದೆ, ಇಪ್ಪತ್ತರ ಹೊತ್ತಿಗೆ ಹಲ್ಲಿನ ತುದಿಯವರೆಗೆ ಇಳಿಯುತ್ತದೆ, ಮೂವತ್ತಕ್ಕೆ ಅಳಿಸಿಹೋಗುತ್ತದೆ. ದಲ್ಲಾಳಿಗಳು ಹಲ್ಲು ತೀಡಿ ವಯಸ್ಸು ಮುಚ್ಚುವ ವಿದ್ಯೆ ಎಲ್ಲ ದೇಶಗಳಲ್ಲೂ ಇತ್ತು. ಕುದುರೆಯ ಆಯಸ್ಸು ಸಾಮಾನ್ಯವಾಗಿ ಇಪ್ಪತ್ತೈದರಿಂದ ಮೂವತ್ತು. ಇಂಗ್ಲೆಂಡಿನಲ್ಲಿ ದೋಣಿ ಎಳೆಯುತ್ತಿದ್ದ ಓಲ್ಡ್ ಬಿಲ್ಲಿ ಎಂಬ ಕುದುರೆ 1822ರಲ್ಲಿ ಸಾಯುವಾಗ ಅದಕ್ಕೆ 62 ವರ್ಷ ಎನ್ನುತ್ತಾರೆ. ಅದು ದಾಖಲೆಯ ಮಾತು, ಲಾಯದ ಲೆಕ್ಕಕ್ಕೆ ಬರುವುದಿಲ್ಲ.

ಲಾಯದ ಲೆಕ್ಕ ಬೇರೆ. ರೇಸಿನ ಕುದುರೆ ಎರಡನೇ ವಯಸ್ಸಿಗೇ ಓಟಕ್ಕಿಳಿಯುತ್ತದೆ. ಏಳೆಂಟು ವರ್ಷಕ್ಕೆ ಅದರ ಕೆಲಸ ಮುಗಿದಿರುತ್ತದೆ. ಗೆದ್ದದ್ದಾಗಿದ್ದರೆ, ಒಳ್ಳೆಯ ವಂಶದ್ದಾಗಿದ್ದರೆ, ತಳಿ ಸಾಕಣೆಗೆ ಹೋಗುತ್ತದೆ. ಉಳಿದದ್ದು? ಇನ್ನೂ ಹದಿನೆಂಟು ಇಪ್ಪತ್ತು ವರ್ಷ ಅದು ತಿನ್ನಬೇಕು, ಗೊರಸು ಕತ್ತರಿಸಿಕೊಳ್ಳಬೇಕು, ಹುಳುವಿನ ಔಷಧ ಕುಡಿಯಬೇಕು. ದುಡಿದದ್ದು ಆರು ವರ್ಷ, ಬದುಕಬೇಕಾದದ್ದು ಅದರ ಮೂರು ಪಟ್ಟು. ಈ ಮೂರು ಪಟ್ಟನ್ನು ಯಾರ ಖಾತೆಗೆ ಬರೆಯಬೇಕು ಎನ್ನುವುದೊಂದೇ ಮಾವನಹಳ್ಳದಲ್ಲಿ ಇದ್ದಷ್ಟು ಹೊತ್ತೂ ನನ್ನ ತಲೆಯಲ್ಲಿ ಸುತ್ತುತ್ತಿದ್ದ ಪ್ರಶ್ನೆ.

ಊಟಿಯ ಸವಾರಿ ಕುದುರೆಗಳದ್ದು ಇನ್ನೊಂದು ಬಗೆ. ಒಂದು ಬಿಳಿ ಹೆಣ್ಣು ಕುದುರೆ ಇತ್ತು ಎಂದುಕೊಂಡಿದ್ದೆ. ಹತ್ತಿರ ಹೋದಾಗ ಅದು ಕಂದು. ಬೆನ್ನ ಮೇಲೆ, ಭುಜದ ಏರಿನಲ್ಲಿ, ಬಿಳಿ ತೇಪೆಗಳು ಎಷ್ಟಿದ್ದವೆಂದರೆ ದೂರಕ್ಕೆ ಹಾಗೆ ಕಾಣಿಸಿತ್ತು. ಜೀನು ಉಜ್ಜಿ ಗಾಯವಾಗಿ ಮಾಯ್ದ ಜಾಗದಲ್ಲಿ ಕೂದಲು ಬಿಳಿಯಾಗಿಯೇ ಹುಟ್ಟುತ್ತದೆ. ಅದರ ಒಂದು ಕಣ್ಣು ನೀಲಿಗಟ್ಟಿತ್ತು. ಕಣ್ಣಿನೊಳಗೆ ಮತ್ತೆ ಮತ್ತೆ ಉರಿಯೂತವಾಗಿ ಕಡೆಗೆ ದೃಷ್ಟಿಯೇ ಹೋಗುವುದು ಕುದುರೆಗಳಲ್ಲಿ ಸಾಮಾನ್ಯ. ಆ ಕಡೆಯಿಂದ ಹೋಗುವವರು ಮೊದಲು ಮಾತಾಡಬೇಕು, ಆಮೇಲೆ ಮುಟ್ಟಬೇಕು. ಒಂದು ಕತ್ತೆ ಸದಾ ಅದರ ಕುರುಡು ಮಗ್ಗುಲಿಗೇ ನಿಲ್ಲುತ್ತಿತ್ತು. ಅದನ್ನು ಸ್ನೇಹ ಎನ್ನಬೇಕೋ ಅಭ್ಯಾಸ ಎನ್ನಬೇಕೋ ನನಗೆ ತಿಳಿಯದು, ಆದರೆ ಕತ್ತೆಯನ್ನು ಗೊರಸು ಕತ್ತರಿಸಲು ಕರೆದೊಯ್ದಾಗ ಕುದುರೆ ಕೆನೆದದ್ದನ್ನು ಕೇಳಿದ್ದೇನೆ.

1965ರಲ್ಲಿ ಕೇಂದ್ರ ಸರ್ಕಾರ ಭಾರ ಎಳೆಯುವ, ಹೊರುವ ಪ್ರಾಣಿಗಳ ಬಗ್ಗೆ ಒಂದು ನಿಯಮಾವಳಿ ಮಾಡಿದೆ. ಅದರ ಪ್ರಕಾರ ತಟ್ಟು ಕುದುರೆಯ ಬೆನ್ನ ಮೇಲೆ 70 ಕಿಲೋಗಿಂತ ಹೆಚ್ಚು ಹೊರೆ ಹೇರುವಂತಿಲ್ಲ, ಕತ್ತೆಗೆ 50 ಕಿಲೋ. ಊಟಿಯ ಕೆರೆಯ ದಂಡೆಯಲ್ಲಿ ಕುದುರೆ ಹತ್ತುವವರನ್ನು ಒಮ್ಮೆ ಕಣ್ಣಳತೆಯಲ್ಲೇ ತೂಗಿ ನೋಡಿ. ಎಷ್ಟೋ ಸಲ ಅಪ್ಪನ ಮುಂದೆ ಮಗುವನ್ನೂ ಕೂರಿಸಿರುತ್ತಾರೆ.

ಕುದುರೆಯನ್ನು ಬೀದಿಗೆ ಬಿಟ್ಟವನನ್ನು ಬೈಯುವುದು ಸುಲಭ. ಏಪ್ರಿಲ್, ಮೇ ತಿಂಗಳ ಸೀಸನ್ನಿನಲ್ಲಿ ದುಡಿದದ್ದರಲ್ಲಿ ಅವನು ಮಳೆಗಾಲ ಕಳೆಯಬೇಕು. ಮಕ್ಕಳ ಫೀಸು ಕಟ್ಟಬೇಕು. ಕುಂಟುವ ಕುದುರೆಗೆ ದಿನಕ್ಕಿಷ್ಟು ಹುಲ್ಲು ಎಲ್ಲಿಂದ ತಂದಾನು? ಬಿಟ್ಟುಬಿಟ್ಟರೆ ಕಸದ ತೊಟ್ಟಿಯಾದರೂ ಸಾಕುತ್ತದೆ ಎನ್ನುತ್ತಾನೆ. ನನಗೆ ಸಿಟ್ಟು ಬರುವುದು ಅವನ ಮೇಲಲ್ಲ, ಗೆದ್ದ ಕುದುರೆಯ ಜೊತೆ ಕಪ್ಪು ಕನ್ನಡಕ ಹಾಕಿಕೊಂಡು ಫೋಟೊ ತೆಗೆಸಿಕೊಂಡು, ಸೋತದ್ದನ್ನು ಯಾರದೋ ಕೈಗೆ ದಾಟಿಸಿ ಮರೆಯುವವರ ಮೇಲೆ.

ಈ ಮರೆವು ನಮಗೆ ಹೊಸದೂ ಅಲ್ಲ. ವಿಜಯನಗರದ ಅರಸರು ಅರಬ್ಬೀ ಕುದುರೆಗಳಿಗೆ ಸುರಿದ ಹೊನ್ನಿನ ಕಥೆಯನ್ನು ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ. ಸಾಳುವ ನರಸಿಂಹನ ಕಾಲದಲ್ಲಿ ಹಡಗಿನಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ಹಣ ಸಿಗುತ್ತಿತ್ತಂತೆ. ಬಾಲಕ್ಕೂ ಬೆಲೆ ಕಟ್ಟಿದ ರಾಜ್ಯದ ಚರಿತ್ರೆಯಲ್ಲಿ ಮುದಿ ಕುದುರೆ ಎಲ್ಲಿ ಹೋಯಿತು ಎಂದು ಹುಡುಕಿದರೆ ಒಂದು ಸಾಲೂ ಸಿಗುವುದಿಲ್ಲ. ಕುಣಿಗಲ್ಲಿನ ಸ್ಟಡ್ ಫಾರಂ ಟಿಪ್ಪುವಿನ ಸೈನ್ಯಕ್ಕೆ ಕುದುರೆ ಬೆಳೆಸಿತು, ಆಮೇಲೆ ಬ್ರಿಟಿಷರ ಸೈನ್ಯಕ್ಕೆ, ಆಮೇಲೆ ರೇಸಿಗೆ. ಹುಟ್ಟಿಸುವ ಜಾಗಗಳ ವಿಳಾಸ ನಮಗೆ ಬಾಯಿಪಾಠ.

ಯುದ್ಧಕ್ಕೆ ಹೋದ ಕುದುರೆಗಳ ಕಥೆಯೂ ಇದೇ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 23ರಂದು, ಹೈಫಾ ಪಟ್ಟಣವನ್ನು ಗೆದ್ದವರು ಜೋಧಪುರ ಮತ್ತು ಮೈಸೂರಿನ ಲ್ಯಾನ್ಸರ್‌ಗಳು. ಮೆಷಿನ್‌ಗನ್ನುಗಳಿಗೆ ಎದುರಾಗಿ ಕುದುರೆ ಓಡಿಸಿದ ಆ ದಾಳಿಯ ನೆನಪಿಗೆ ದೆಹಲಿಯ ತೀನ್ ಮೂರ್ತಿಯಲ್ಲಿ ಮೂವರು ಸವಾರರ ಪ್ರತಿಮೆಗಳಿವೆ. ಮೂವರೂ ನೆಲದ ಮೇಲೆ ನಿಂತಿದ್ದಾರೆ, ಕುದುರೆ ಒಂದೂ ಇಲ್ಲ. ಆ ಯುದ್ಧ ಮುಗಿದ ಮೇಲೆ ಬ್ರಿಟಿಷ್ ಸೈನ್ಯ ಸಾವಿರಾರು ಕುದುರೆಗಳನ್ನು ಈಜಿಪ್ಟಿನಲ್ಲೇ ಮಾರಿಬಿಟ್ಟಿತು. 1930ರಲ್ಲಿ ಕೈರೋಗೆ ಹೋದ ಡೊರೊಥಿ ಬ್ರೂಕ್ ಎಂಬ ಹೆಣ್ಣುಮಗಳು ಅವುಗಳಲ್ಲಿ ಉಳಿದವು ಗಾಡಿಗೆ, ಕಲ್ಲು ಕ್ವಾರಿಗೆ ಕಟ್ಟಿಕೊಂಡು ಮೂಳೆ ಚಕ್ಕಳವಾಗಿ ಎಳೆಯುತ್ತಿದ್ದುದನ್ನು ಕಂಡಳು. 1931ರಲ್ಲಿ ಲಂಡನ್ನಿನ ಪತ್ರಿಕೆಯೊಂದಕ್ಕೆ ಕಾಗದ ಬರೆದಳು. ಹಣ ಹರಿದು ಬಂತು. ಸುಮಾರು ಐದು ಸಾವಿರ ಕುದುರೆಗಳನ್ನು ಕೊಂಡು ಬಿಡಿಸಿದಳು, 1934ರಲ್ಲಿ ಅಲ್ಲೇ ಆಸ್ಪತ್ರೆ ತೆರೆದಳು. ಕೊಂಡವುಗಳಲ್ಲಿ ಬಹುಪಾಲಿಗೆ ಅವಳು ಕೊಡಬಹುದಾಗಿದ್ದದ್ದು ಒಂದಷ್ಟು ದಿನದ ಮೇವು, ಮೆತ್ತನೆಯ ಹಾಸು, ಆಮೇಲೆ ನೋವಿಲ್ಲದ ಸಾವು.

ನೋವಿಲ್ಲದ ಸಾವು ಎಂದ ಕೂಡಲೇ ನಮ್ಮಲ್ಲಿ ಮುಖ ಗಂಟಾಗುತ್ತದೆ. ಪಿಂಜರಾಪೋಲು, ಗೋಶಾಲೆಗಳ ಸಂಪ್ರದಾಯದಲ್ಲಿ ಬೆಳೆದವರು ನಾವು. ಸಾಯುವವರೆಗೆ ಸಾಕುವುದೇ ಧರ್ಮ, ಕೊಲ್ಲುವುದು ಪಾಪ. ನಾನೂ ಅದೇ ಮಾತನ್ನು ಕೇಳುತ್ತ ಬೆಳೆದವಳು. ಆದರೆ ಎದ್ದೇಳಲಾಗದ ಕುದುರೆಯನ್ನು ಹತ್ತಿರದಿಂದ ನೋಡಿದವರು ಅಷ್ಟು ಸಲೀಸಾಗಿ ಹಾಗೆನ್ನಲಾರರು. ಕುದುರೆ ನಿಂತೇ ತೂಕಡಿಸಬಲ್ಲದು, ಕಾಲಿನ ಕೀಲುಗಳನ್ನು ಬೀಗ ಹಾಕಿದಂತೆ ಬಿಗಿದುಕೊಳ್ಳುವ ಏರ್ಪಾಡು ಅದರ ಮೈಯಲ್ಲೇ ಇದೆ. ಗಾಢ ನಿದ್ದೆಗೆ ಮಾತ್ರ ದಿನಕ್ಕೆ ಸ್ವಲ್ಪ ಹೊತ್ತಾದರೂ ಅದು ಮಲಗಲೇಬೇಕು. ಕೀಲು ಸವೆದ ಮುದಿ ಕುದುರೆ ಮಲಗಲು ಹೆದರುತ್ತದೆ. ಮಲಗಿದರೆ ಏಳುವುದು ಕಷ್ಟವೆಂದು ಅದಕ್ಕೆ ಗೊತ್ತು. ನಿದ್ದೆಗೆಟ್ಟು ನಿಂತಲ್ಲೇ ಮಂಡಿ ಕುಸಿದು ಬೀಳುತ್ತದೆ, ಮಂಡಿಯ ಚರ್ಮ ಕಿತ್ತಿರುತ್ತದೆ. ಕಡೆಗೊಂದು ದಿನ ಬಿದ್ದದ್ದು ಏಳುವುದಿಲ್ಲ. ನಾನೂರು ಐನೂರು ಕಿಲೋ ಭಾರ ಒಂದೇ ಮಗ್ಗುಲ ಮೇಲೆ ಕೂತರೆ ಕೆಳಗಿನ ಸ್ನಾಯುಗಳಿಗೆ ರಕ್ತ ಹರಿಯದು, ಶ್ವಾಸಕೋಶ ಒತ್ತಿಕೊಳ್ಳುತ್ತದೆ. ಗಂಟೆಗಳ ಲೆಕ್ಕದಲ್ಲಿ ತೀರ್ಮಾನ ಆಗಬೇಕು.

ಹಿರಿಯರು ಹೇಳಿದರು: “ಎಂಟ್ಹತ್ತ್ ಜನ ಸೇರಿ, ಹೊಟ್ಟೆ ಅಡಿಗೆ ಪಟ್ಟಿ ಹಾಕಿ ಎತ್ತುತೀವಕ್ಕ. ಎದ್ದು ನಿಂತ್ರೆ ಹಬ್ಬ. ಎರಡ್ನೇ ಸಲ, ಮೂರ್ನೇ ಸಲ ಎತ್ತುವಾಗ ಅದೇ ನಮ್ ಮುಖ ನೋಡ್ತದೆ. ಸಾಕು ಬುಡಿ ಅಂತ.”

“ನಿಮಗೆ ಬೇಜಾರಾಗಲ್ವಾ ಅಣ್ಣ?”

“ಆಯ್ತದೆ. ಅವತ್ತು ಊಟ ಸೇರಕ್ಕಿಲ್ಲ. ಆದ್ರೆ ನರಳಾಡ್ಕಂಡು ಇರೂ ಅನ್ನಕೆ ನಾವ್ಯಾರು?”

ಮುದಿತನದ ನೋವಿಗೆ ಮದ್ದಿದೆ, ಆದರೆ ಮೋಯಾರ್ ಕಣಿವೆಯಲ್ಲಿ ಆ ಮದ್ದಿಗೆ ಒಂದು ತೊಡಕೂ ಇದೆ. ದಕ್ಷಿಣ ಭಾರತದಲ್ಲಿ ರಣಹದ್ದುಗಳು ಇನ್ನೂ ಗೂಡು ಕಟ್ಟುವ ಕೆಲವೇ ಜಾಗಗಳಲ್ಲಿ ಈ ಕಣಿವೆ ಒಂದು. ಡೈಕ್ಲೋಫೆನಾಕ್ ಎಂಬ ನೋವಿನ ಮದ್ದು ಚುಚ್ಚಿದ ದನ ಸತ್ತರೆ ಅದನ್ನು ತಿಂದ ಹದ್ದುಗಳು ಮೂತ್ರಪಿಂಡ ಕೆಟ್ಟು ಸಾಯುತ್ತವೆಂದು ಗೊತ್ತಾದ ಮೇಲೆ 2006ರಲ್ಲಿ ಆ ಮದ್ದನ್ನು ಪಶುಗಳಿಗೆ ಕೊಡುವುದನ್ನು ಸರ್ಕಾರ ನಿಷೇಧಿಸಿತು. 2023ರಲ್ಲಿ ಕೀಟೊಪ್ರೊಫೆನ್, ಎಸಿಕ್ಲೋಫೆನಾಕ್‌ಗಳೂ ಆ ಪಟ್ಟಿಗೆ ಸೇರಿದವು. ಹದ್ದಿಗೆ ಅಪಾಯವಿಲ್ಲವೆಂದು ಪರೀಕ್ಷೆಯಲ್ಲಿ ತೇರ್ಗಡೆಯಾದ ಮೆಲಾಕ್ಸಿಕಾಂ ಇದೆ. ದಯಾಮರಣಕ್ಕೆ ಬಳಸುವ ಬಾರ್ಬಿಟ್ಯುರೇಟ್ ಇನ್ನೂ ಉಗ್ರ, ಹೆಣ ತಿಂದ ಪ್ರಾಣಿಯನ್ನೂ ಕೆಡವಬಲ್ಲದು. ಅಂಥ ಕುದುರೆಯನ್ನು ಆಳವಾಗಿ ಹೂಳಲೇಬೇಕು. ಹಾಗೆ ನೋಡಿದರೆ ಇಲ್ಲಿ ಒಂದು ಕುದುರೆಯ ಮಂಡಿನೋವಿಗೆ ಏನು ಕೊಡಬೇಕೆಂದು ಡಾಕ್ಟರು ಯೋಚಿಸುವಾಗ ಆಕಾಶದಲ್ಲಿ ಸುತ್ತುವ ಹದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು. ನಗರದ ಲಾಯದಲ್ಲಿ ಈ ಜವಾಬ್ದಾರಿ ಯಾರಿಗೂ ನೆನಪಾಗುವುದಿಲ್ಲ.

ಮಿಕ್ಕ ಕೆಲಸಗಳು ನಿತ್ಯದವು. ಆರರಿಂದ ಎಂಟು ವಾರಕ್ಕೊಮ್ಮೆ ಗೊರಸು ಕತ್ತರಿಸುವುದು. ಗೊರಸಿನ ಒಳಪದರಕ್ಕೆ ಉರಿಯೂತ ಹತ್ತಿದ ಕುದುರೆಯನ್ನು ಮಳೆ ಬಿದ್ದು ಹಸಿರೊಡೆದ ಹುಲ್ಲಿಗೆ ಬಿಡದಂತೆ ಕಾಯುವುದು, ಎಳೆ ಹುಲ್ಲಿನ ಸಕ್ಕರೆ ಅದಕ್ಕೆ ವಿಷ. ರಕ್ತ ಹೀರುವ ನೊಣ ಕಚ್ಚಿ ಹರಡುವ ಸರ್ರಾ ಜ್ವರದ ಮೇಲೆ ಕಣ್ಣಿಡುವುದು. ಹೊತ್ತು ಮುಳುಗುವ ಮುಂಚೆ ಎಲ್ಲವನ್ನೂ ಒಳಗೆ ಸೇರಿಸುವುದು, ಚಿರತೆಗೆ ಕುಂಟ ಕುದುರೆ ಸುಲಭದ ತುತ್ತು. ಹಗಲಲ್ಲಿ ಅಜ್ಜ ಬಿಸಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದ. ಊಟಿಯ ಚಳಿಗಿಂತ ಈ ಒಣ ಬಿಸಿಲು ಕೀಲಿಗೆ ವಾಸಿ ಎಂಬುದು ಹಿರಿಯರ ಅನುಭವದ ಮಾತು.

ಖರ್ಚಿನ ಮಾತಿಗೆ ಬರುತ್ತೇನೆ. ಇಂಥ ಜಾಗಗಳು ನಡೆಯುವುದು ದಾನದ ಮೇಲೆ. ದಾನ ಬರುವುದು ಪ್ರಾಣಿಪ್ರಿಯರಿಂದ, ಅಂದರೆ ಎಂದೂ ರೇಸಿಗೆ ಹೋಗದವರಿಂದ, ಎಂದೂ ಕುದುರೆ ಹತ್ತದವರಿಂದ. ಓಡಿಸಿದವರು ಬೇರೆ, ಸಾಕುವವರು ಬೇರೆ. 2023ರ ಅಕ್ಟೋಬರಿನಲ್ಲಿ ಕುದುರೆ ಜೂಜಿನ ಪೂರ್ತಿ ಬಾಜಿ ಹಣದ ಮೇಲೆ ಶೇಕಡಾ 28 ಜಿಎಸ್‌ಟಿ ಬಿತ್ತು. ಆ ತೆರಿಗೆಯಲ್ಲಿ ಓಡಿದ ಕುದುರೆಯ ಮುಪ್ಪಿಗೆಂದು ಎತ್ತಿಟ್ಟ ಪಾಲಿಲ್ಲ. ಊಟಿಯ ರೇಸ್ ಕೋರ್ಸಿನ ಜಾಗವನ್ನು ಗುತ್ತಿಗೆ ಬಾಕಿಯ ವ್ಯಾಜ್ಯದಲ್ಲಿ ತಮಿಳುನಾಡು ಸರ್ಕಾರ 2024ರ ಜುಲೈಯಲ್ಲಿ ವಶಕ್ಕೆ ತೆಗೆದುಕೊಂಡಿತು. ಬಾಕಿಯ ಬಗ್ಗೆ ಕೋರ್ಟಿನಲ್ಲಿ ವರ್ಷಗಟ್ಟಲೆ ವಾದ ನಡೆಯಿತು, ಅಲ್ಲಿ ಓಡಿದವುಗಳ ಬಾಕಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ಕುದುರೆಯನ್ನು ನೋಂದಾಯಿಸುವ ದಿನವೇ ಮಾಲೀಕ ಅದರ ಮುಪ್ಪಿನ ಹಣವನ್ನೂ ಕಟ್ಟಬೇಕು. ಪ್ರತಿ ಬಾಜಿಯಲ್ಲಿ, ಕೆರೆ ದಂಡೆಯ ಪ್ರತಿ ಸವಾರಿಯಲ್ಲಿ, ಒಂದಿಷ್ಟು ಕಾಸು ಅದೇ ನಿಧಿಗೆ ಹೋಗಬೇಕು. ತಟ್ಟು ಕುದುರೆ ಸಾಕುವ ಬಡವನಿಗೆ ಆ ನಿಧಿಯಿಂದಲೇ ಮಳೆಗಾಲದ ಹುಲ್ಲು ಸಿಗಬೇಕು. ಇದು ದಯೆಯ ಪ್ರಶ್ನೆ ಅಲ್ಲ, ಕೆಲಸಗಾರನಿಗೆ ಪಿಂಚಣಿ ಇರುವ ಹಾಗೆ ಕೂಲಿಯ ಒಂದು ಭಾಗ. ಅಲ್ಲಿಯವರೆಗೆ ನಮ್ಮ ಕೈಲಾಗುವುದು ಕಡಿಮೆಯೇ. ಊಟಿಗೆ ಹೋದಾಗ ಕುದುರೆ ಹತ್ತುವ ಮುಂಚೆ ಜೀನು ಎತ್ತಿ ಬೆನ್ನು ತೋರಿಸಿ ಎನ್ನಿ. ಗಾಯವಿದ್ದರೆ ಹತ್ತಬೇಡಿ, ಎಪ್ಪತ್ತು ಕಿಲೋ ಮೀರಿದವರು ಗಾಯವಿಲ್ಲದಿದ್ದರೂ ಹತ್ತಬೇಡಿ. ಮಾವನಹಳ್ಳದಂಥ ಜಾಗಕ್ಕೆ ಹೋಗುವುದಾದರೆ ಮೊದಲೇ ಬರೆದು ಕೇಳಿ, ಕ್ಯಾರೆಟ್ಟು ಬಿಸ್ಕತ್ತು ಒಯ್ಯಬೇಡಿ, ಹಲ್ಲಿಲ್ಲದವುಗಳ ಗಂಟಲಿಗೆ ಅದು ಸಿಕ್ಕಿಕೊಳ್ಳುತ್ತದೆ. ಒಂದು ಮೂಟೆ ಬೂಸಾದ ದುಡ್ಡು ಕೊಟ್ಟು ಬನ್ನಿ.